ಎಂಬಿಬಿಎಸ್ ಮೊದಲ ವರ್ಷ: ಊರಲ್ಲೇ ಆಗುವ ತಯಾರಿ

ಮಿರಜ್‌ನಿಂದ ಬೆಳಗಾವಿಗೆ ಹೊರಟ ರೈಲು ಶೇಡಬಾಳ, ಉಗಾರ ಖುರ್ದ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಸ್ಟೇಶನ್ನುಗಳನ್ನು ಹಾಯ್ದು ಹೋಗುತ್ತದೆ. ಈ ಹಳಿಯ ಎರಡೂ ತುದಿಗೆ ದೊಡ್ಡ ದವಾಖಾನೆಗಳಿವೆ. ಕಾಗವಾಡ, ಅಥಣಿ ಸೀಮೆಯವರು ಜಡ್ಡು ಬಲವಾದರೆ ಮಿರಜ್ ಹಾದಿ ಹಿಡಿಯುವುದು ಬಹಳ ಹಳೆಯ ರೂಢಿ. ಕೆನಡಾದಲ್ಲಿ ಹುಟ್ಟಿದ ಮಿಶನರಿ ವೈದ್ಯ ವಿಲಿಯಂ ಜೇಮ್ಸ್ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. 1897ರಲ್ಲಿ ಅದಕ್ಕೊಂದು ವೈದ್ಯಕೀಯ ಶಾಲೆಯೂ ಜೊತೆಯಾಯಿತು. 1962ರಲ್ಲಿ ಮಿರಜ್‌ಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಮರುವರ್ಷವೇ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಶುರುವಾಯಿತು. ಬೆಳಗಾವಿಯ ಸರ್ಕಾರಿ ಕಾಲೇಜು ಬಿಮ್ಸ್ ಇವೆಲ್ಲಕ್ಕಿಂತ ಕಿರಿಯದು.

ರೋಗಿಗಳಾಗಿ ಈ ಊರುಗಳಿಗೆ ಹೋಗುತ್ತಿದ್ದವರ ಮನೆಯ ಮಕ್ಕಳು ಈಗ ವಿದ್ಯಾರ್ಥಿಗಳಾಗಿ ಹೊರಟಿದ್ದಾರೆ. ಕರ್ನಾಟಕದ ಸರ್ಕಾರಿ ಕೋಟಾದ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15ರಷ್ಟು, ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಮೀಸಲಾತಿ ಇದೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕಲಿತವರಿಗೆ ಇದು ದೊಡ್ಡ ಬಾಗಿಲು. ಸೀಟು ಖಾತ್ರಿಯಾದ ಮೇಲೆ ತರಗತಿ ಶುರುವಾಗುವ ತನಕ ಸಿಗುವ ಕೆಲವೇ ವಾರಗಳನ್ನು ಹೇಗೆ ಕಳೆಯಬೇಕು ಎಂಬುದು ಈ ಅಧ್ಯಾಯದ ವಿಷಯ.

ಮನೆಯವರು ಸಾಮಾನ್ಯವಾಗಿ ಮೊದಲು ಪುಸ್ತಕದ ಅಂಗಡಿಗೆ ಹೋಗುತ್ತಾರೆ. ಬಿ.ಡಿ. ಚೌರಾಸಿಯಾ ಅವರ ಅನಾಟಮಿ ಸಂಪುಟಗಳು, ಗೈಟನ್ ಅವರ ಫಿಸಿಯಾಲಜಿ, ಜೊತೆಗೆ ಬಯೋಕೆಮಿಸ್ಟ್ರಿಯ ಇನ್ನೊಂದು ದಪ್ಪ ಹೊತ್ತಿಗೆ. ಇಷ್ಟು ಅವಸರ ಬೇಕಿಲ್ಲ. ಯಾವ ಪುಸ್ತಕ, ಯಾವ ಆವೃತ್ತಿ ಎಂಬುದನ್ನು ಕಾಲೇಜಿನವರೇ ಹೇಳುತ್ತಾರೆ. ಹಿರಿಯ ವಿದ್ಯಾರ್ಥಿಗಳು ತಮ್ಮ ಪುಸ್ತಕ, ಮೂಳೆಗಳ ಸೆಟ್ಟನ್ನು ಕಡಿಮೆ ಬೆಲೆಗೆ ಕಿರಿಯರಿಗೆ ದಾಟಿಸುವುದು ಬಹುತೇಕ ಎಲ್ಲ ಕಾಲೇಜುಗಳಲ್ಲೂ ಇದೆ. ಮುಂಚಿತವಾಗಿ ಇಡೀ ಅನಾಟಮಿ ಬಾಯಿಪಾಠ ಮಾಡಲು ಕೂತವರಿಗೆ ಮೂಳೆ ಕೈಗೆ ಬಂದಾಗ ಓದಿದ್ದು ನೆನಪಿಗೆ ಬರುವುದಿಲ್ಲ. ಆ ವಿಷಯ ಕಣ್ಣು ಮತ್ತು ಕೈಗಳ ಮೂಲಕ ಒಳಗಿಳಿಯಬೇಕು.

ತೊಡೆಯ ಮೂಳೆಯನ್ನೇ ನೋಡೋಣ. ದೇಹದ 206 ಮೂಳೆಗಳಲ್ಲಿ ಇದೇ ಅತಿ ಉದ್ದದ್ದು. ಮೌಖಿಕ ಪರೀಕ್ಷೆಯಲ್ಲಿ ಇದನ್ನು ಕೈಗಿಟ್ಟು ಮೊದಲು ಕೇಳುವ ಪ್ರಶ್ನೆ: ಇದು ಎಡಗಾಲಿನದೋ ಬಲಗಾಲಿನದೋ? ಉತ್ತರ ಮೂಳೆಯ ಮೇಲೆಯೇ ಇದೆ. ಚೆಂಡಿನಂಥ ದುಂಡು ತಲೆ ಮೇಲಕ್ಕೂ ದೇಹದ ನಡುಭಾಗದ ಕಡೆಗೂ ತಿರುಗಿರಬೇಕು. ಉದ್ದಕ್ಕೆ ಹರಿದ ಒರಟು ಏಣು ಹಿಂದೆ ಬರಬೇಕು. ನಡುವಿನ ಕಾಂಡ ಸ್ವಲ್ಪ ಮುಂದಕ್ಕೆ ಉಬ್ಬಿರಬೇಕು. ಹಾಗೆ ಹಿಡಿದು ತನ್ನ ತೊಡೆಯ ಪಕ್ಕಕ್ಕೆ ಇಟ್ಟುಕೊಂಡ ವಿದ್ಯಾರ್ಥಿಗೆ ಯಾವ ಕಡೆಯದೆಂದು ತಾನಾಗಿ ತಿಳಿಯುತ್ತದೆ. ಎರಡು ಪುಟದ ವಿವರಣೆ ಆ ಒಂದು ನಿಮಿಷದಲ್ಲಿ ಮುಗಿಯುತ್ತದೆ.

ಹಾಗಾದರೆ ಊರಲ್ಲಿ ಕೂತು ಮಾಡಬಹುದಾದದ್ದೇನು? ಮೊದಲನೆಯದು ಬರವಣಿಗೆ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸಿದರೆ ಆಯಿತು. ಮೊದಲ ವರ್ಷದ ಪರೀಕ್ಷೆಯಲ್ಲಿ ಆಯ್ಕೆಯ ಪ್ರಶ್ನೆಗಳ ಜೊತೆಗೆ ದೀರ್ಘ ಉತ್ತರ ಬರೆಯಬೇಕು, ಚಿತ್ರ ಬಿಡಿಸಬೇಕು, ಪರೀಕ್ಷಕರ ಎದುರು ಬಾಯಿಬಿಟ್ಟು ಹೇಳಬೇಕು. ಎರಡು ವರ್ಷ ಬರೇ ವೃತ್ತಕ್ಕೆ ಶಾಯಿ ತುಂಬಿದ ಕೈಗೆ ಪುಟಗಟ್ಟಲೆ ಬರೆಯುವ ರೂಢಿ ತಪ್ಪಿರುತ್ತದೆ. ನೀಟ್ ಅನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ, ಆದರೆ ಕಾಲೇಜಿನ ಪಾಠ, ಪಠ್ಯ ಎರಡೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಪಿಯುಸಿ ಜೀವಶಾಸ್ತ್ರದ ಮನುಷ್ಯ ಶರೀರದ ಅಧ್ಯಾಯಗಳನ್ನೇ ಮತ್ತೆ ತೆಗೆದು, ದಿನಕ್ಕೊಂದು ಪುಟ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ ಬರೆದು, ಅದನ್ನೇ ಮನೆಯಲ್ಲಿ ಅವ್ವನಿಗೋ ತಮ್ಮನಿಗೋ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಬಹಳ ಸಹಾಯವಾಗುತ್ತದೆ. ಅವ್ವನಿಗೆ ಅರ್ಥವಾಗುವಂತೆ ಹೇಳಲು ಬಂದರೆ ವಿಷಯ ಕೈವಶವಾದಂತೆಯೇ.

ಚಿತ್ರದ ಕೆಲಸವೂ ಕಡಿಮೆಯಿಲ್ಲ. ಅಂಗಾಂಶಗಳ ಪಾಠದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಾಣುವುದು ಗುಲಾಬಿ ಮತ್ತು ನೀಲಿ-ನೇರಳೆ ಬಣ್ಣದ ಲೋಕ. ಜೀವಕೋಶದ ಕೇಂದ್ರ ನೇರಳೆ, ಸುತ್ತಲಿನ ದ್ರವ್ಯ ಗುಲಾಬಿ. ರೆಕಾರ್ಡ್ ಪುಸ್ತಕದಲ್ಲೂ ಇವೇ ಎರಡು ಬಣ್ಣದ ಪೆನ್ಸಿಲ್ಲಿನಿಂದ ಬರೆಯುವುದು ವಾಡಿಕೆ.

ಎರಡನೆಯದು ಶವಚ್ಛೇದನ ಕೊಠಡಿಗೆ ಮನಸ್ಸನ್ನು ಸಿದ್ಧಮಾಡಿಕೊಳ್ಳುವುದು. ಫಾರ್ಮಾಲಿನ್ ವಾಸನೆಗೆ ಕಣ್ಣು ಉರಿಯುತ್ತದೆ, ಮೊದಲ ದಿನ ಕೆಲವರಿಗೆ ತಲೆ ಸುತ್ತುತ್ತದೆ, ಊಟ ಸೇರುವುದಿಲ್ಲ. ಇದು ಎಲ್ಲ ಕಾಲದಲ್ಲೂ ಆಗಿದೆ. ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ 1836ರಲ್ಲಿ ಮಧುಸೂದನ ಗುಪ್ತ ಶವ ಛೇದಿಸಿದಾಗ ಇಡೀ ಸಮಾಜವೇ ಬೆಚ್ಚಿತ್ತು. ಆದರೆ ಬೆಳಗಾವಿ ಜಿಲ್ಲೆಯ ವಿದ್ಯಾರ್ಥಿ ತಿಳಿದಿರಲೇಬೇಕಾದದ್ದು ಬೈಲಹೊಂಗಲದ ರಾಮಣ್ಣವರ ಮನೆತನದ ಸಂಗತಿ. ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ಕೊಡಬೇಕೆಂದು ಇಚ್ಛಿಸಿದ್ದರು. 2008ರಲ್ಲಿ ಅವರು ತೀರಿಕೊಂಡರು. 2010ರ ನವೆಂಬರಿನಲ್ಲಿ ಬೆಳಗಾವಿಯ ಕೆಎಲ್ಇ ಆಯುರ್ವೇದ ಮಹಾವಿದ್ಯಾಲಯದಲ್ಲಿ ಅವರ ಮಗ, ಅಂಗರಚನಾಶಾಸ್ತ್ರದ ಶಿಕ್ಷಕ ಡಾ. ಮಹಾಂತೇಶ ರಾಮಣ್ಣವರ, ವಿದ್ಯಾರ್ಥಿಗಳ ಎದುರು ತಂದೆಯ ದೇಹವನ್ನು ತಾವೇ ಛೇದಿಸಿ ಪಾಠ ಮಾಡಿದರು. ಮೇಜಿನ ಮೇಲಿರುವುದು ಯಾರದೋ ತಂದೆ, ಯಾರದೋ ತಾಯಿ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕೇ? ಕಾಲೇಜುಗಳಲ್ಲಿ ಮೊದಲ ದಿನ ಶವಕ್ಕೆ ಗೌರವ ಸಲ್ಲಿಸಿ ಪ್ರತಿಜ್ಞೆ ಮಾಡುವಾಗ ಈ ಸಂಗತಿ ಗೊತ್ತಿದ್ದವರ ದನಿ ಬೇರೆಯೇ ಇರುತ್ತದೆ.

ಇನ್ನೊಂದು ತಯಾರಿ ಈ ಸೀಮೆಯವರಿಗೆ ಹುಟ್ಟಿನಿಂದಲೇ ಅರ್ಧ ಆಗಿರುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮದಂತೆ ಕೋರ್ಸಿನ ಶುರುವಿನಲ್ಲೇ ಒಂದು ಬುನಾದಿ ಶಿಬಿರ ಇರುತ್ತದೆ. ಅದರಲ್ಲಿ ಸ್ಥಳೀಯ ಭಾಷೆಯ ಪಾಠವೂ ಸೇರಿದೆ. ಬೇರೆ ರಾಜ್ಯದಿಂದ ಬಂದವರು ಅಲ್ಲಿ ಕನ್ನಡದ ಮೊದಲ ವಾಕ್ಯ ಕಲಿಯುತ್ತಿರುವಾಗ ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಕನ್ನಡ, ಮರಾಠಿ ಎರಡೂ ಬಾಯಲ್ಲಿರುತ್ತವೆ. ‘ಕೈಕಾಲ ಹರಿತಾವ’, ‘ನಡಾ ಹಿಡದೈತಿ’, ‘ಚಳಕ ಹೊಡಿತಾವ’, ‘ಚಕ್ಕರ ಬರ್ತಾವ’ ಎಂದು ಅಜ್ಜಿ ಹೇಳಿದರೆ ಅವರಿಗೆ ದುಭಾಷಿ ಬೇಡ. ‘ಎದಿ ಉರಿತೈತಿ’ ಎಂದವರಿಗೆ ಬಹುಶಃ ಹೊಟ್ಟೆಯ ಆಮ್ಲದ ತೊಂದರೆ ಇರಬಹುದು, ಹೃದಯದ ತೊಂದರೆಯೂ ಇರಬಹುದು. ಯಾವಾಗ ಉರಿ ಬರುತ್ತದೆ, ಏರು ಹತ್ತಿದರೆ ಹೆಚ್ಚುತ್ತದೆಯೇ, ಊಟದ ಮೇಲೆಯೇ ಎಂದು ಕೇಳಿ ತಿಳಿಯಬೇಕು. ಈ ರಜೆಯಲ್ಲಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅನುಮತಿ ಪಡೆದು ಒಂದೆರಡು ಮುಂಜಾನೆ ಕೂತು ಜನ ಹೇಳಿಕೊಳ್ಳುವ ರೀತಿಯನ್ನು ಕೇಳಿಸಿಕೊಂಡವರಿಗೆ ಮುಂದೆ ವಾರ್ಡಿನಲ್ಲಿ ಹೆದರಿಕೆಯಿರದು. ಮೊದಲ ವರ್ಷದಲ್ಲೇ ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯ ನೋಡಿಕೊಳ್ಳುವ ಕಾರ್ಯಕ್ರಮವೂ ಈಗ ಕಡ್ಡಾಯ.

ಓದುವ ಅಧ್ಯಾಯಗಳಿಗೂ ಊರಿಗೂ ಸಂಬಂಧ ಕಾಣತೊಡಗಿದರೆ ಪಾಠ ಹಗುರಾಗುತ್ತದೆ. ನರ ಮತ್ತು ಸ್ನಾಯು ಸೇರುವ ಜಾಗದ ಪಾಠವನ್ನು ಹಲವರು ಒಣ ವಿಷಯವೆಂದು ಉರು ಹೊಡೆಯುತ್ತಾರೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಗ್ರಾಹಕಕ್ಕೆ ತಾಗಿದಾಗಲೇ ಸ್ನಾಯು ಕುಗ್ಗುವುದು. ಕೃಷ್ಣಾ ದಂಡೆಯ ಕಬ್ಬಿನ ಹೊಲದಲ್ಲಿ ನಾಗರ ಕಚ್ಚಿದರೆ ಅದರ ವಿಷ ಇದೇ ಗ್ರಾಹಕವನ್ನು ಮುಚ್ಚುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುತ್ತದೆ. ಕಣ್ಣ ರೆಪ್ಪೆ ಜೋಲುತ್ತದೆ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಪ್ರತಿವಿಷದ ಜೊತೆಗೆ ಕೃತಕ ಉಸಿರಾಟವೂ ಏಕೆ ಬೇಕಾಗುತ್ತದೆ ಎಂಬುದು ಆ ಎರಡು ಪುಟದಲ್ಲೇ ಇದೆ. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ದಿನವಿಡೀ ಧೂಳಿನಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕಂಡವರಿಗೆ ಶ್ವಾಸಕೋಶದ ಅಧ್ಯಾಯ ಬರೇ ಅಧ್ಯಾಯವಾಗಿ ಉಳಿಯುವುದಿಲ್ಲ.

ಇನ್ನು ಸ್ವಂತ ದೇಹದ ಮಾತು. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗಕ್ಕೆ ವೈದ್ಯೆಯಾಗಿ ನೇಮಕಗೊಂಡವರು ಆನಂದಿಬಾಯಿ ಜೋಶಿ. 1883ರಲ್ಲಿ, 18ರ ವಯಸ್ಸಿನಲ್ಲಿ, ಹಡಗು ಹತ್ತಿ ಅಮೆರಿಕಕ್ಕೆ ಹೋಗಿ 1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಅಲ್ಲಿನ ಚಳಿ, ಒಗ್ಗದ ಊಟ ಅವರ ಆರೋಗ್ಯವನ್ನು ಕುಗ್ಗಿಸಿದವು. ಕ್ಷಯ ತಗುಲಿ, ಆ ಹುದ್ದೆಯಲ್ಲಿ ಕೆಲಸ ಶುರುಮಾಡುವ ಮೊದಲೇ, 1887ರ ಫೆಬ್ರವರಿಯಲ್ಲಿ, 22 ತುಂಬುವ ಮುನ್ನ ತೀರಿಕೊಂಡರು. ಊರು ಬಿಟ್ಟು ಓದುವವರ ಊಟ, ನಿದ್ದೆಗಳನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕಬಾರದು. ಬಟ್ಟೆ ಒಗೆದುಕೊಳ್ಳುವುದು, ಹಣದ ಲೆಕ್ಕ ಇಡುವುದು, ಹೊತ್ತಿಗೆ ಸರಿಯಾಗಿ ಮಲಗುವುದು ಇವೂ ಕಲಿಯಬೇಕಾದ ಪಾಠಗಳೇ. ಥಿಯರಿಗೆ ಶೇ. 75, ಪ್ರಾಯೋಗಿಕಕ್ಕೆ ಶೇ. 80 ಹಾಜರಾತಿ ಬೇಕು; ಮೊದಲ ವರ್ಷವನ್ನು ಪಾಸು ಮಾಡಲು ನಾಲ್ಕು ಅವಕಾಶ ಮಾತ್ರ. ಮನಸ್ಸು ಕುಸಿದರೆ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಲಹೆಗಾರರು ಕನ್ನಡದಲ್ಲೇ ಮಾತಾಡುತ್ತಾರೆ. ರ‍್ಯಾಗಿಂಗ್ ಕಾಟವಿದ್ದರೆ 1800-180-5522.

ಫಿಸಿಯಾಲಜಿ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ತಮ್ಮದೇ ಬೆರಳು ಚುಚ್ಚಿ ರಕ್ತ ತೆಗೆಯುತ್ತಾರೆ. ಸಾಹ್ಲಿ ವಿಧಾನದಲ್ಲಿ 20 ಮೈಕ್ರೋಲೀಟರ್ ರಕ್ತವನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೇರಿಸಿದರೆ ಅದು ಕಂದಾಗುತ್ತದೆ. ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಹನಿಹನಿಯಾಗಿ ಶುದ್ಧ ನೀರು ಹಾಕಿ ಹಿಮೋಗ್ಲೋಬಿನ್ ಓದಬೇಕು. ಊರಲ್ಲಿ ಬಸುರಿಯರ ತಾಯಿ ಕಾರ್ಡಿನಲ್ಲಿ ಬರೆಯುವ ಸಂಖ್ಯೆ ಇದೇ ಹಿಮೋಗ್ಲೋಬಿನ್ನಿನದು. ರಕ್ತ, ಸೂಜಿಗಳ ಸಹವಾಸ ಅಲ್ಲಿಂದಲೇ ಶುರುವಾಗುವುದರಿಂದ ಹೆಪಟೈಟಿಸ್-ಬಿ ಲಸಿಕೆ ಹಿಂದೆ ಪೂರ್ಣ ಆಗಿರದಿದ್ದರೆ ಹೊರಡುವ ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು. ಒಟ್ಟು ಮೂರು ಡೋಸು: ಮೊದಲನೆಯದು ಊರಲ್ಲೇ, ಎರಡನೆಯದು ಒಂದು ತಿಂಗಳ ಮೇಲೆ, ಮೂರನೆಯದು ಮೊದಲ ಡೋಸಿನಿಂದ ಆರು ತಿಂಗಳಿಗೆ. ಆ ಚೀಟಿಯನ್ನು ಅಂಕಪಟ್ಟಿಗಳ ಕಡತದಲ್ಲೇ ಇಟ್ಟುಕೊಂಡು ಹೋದರೆ ಉಳಿದ ಡೋಸುಗಳನ್ನು ಕಾಲೇಜಿನ ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳಬಹುದು.