ಸಾಸಿವೆ ಡಬ್ಬಿಗೆ ಸ್ಕ್ಯಾನರ್ ಇಲ್ಲ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಬೀಡಾ ಅಂಗಡಿ, ಕಾಂಡಿಮೆಂಟ್ಸ್‌ಗಳ ಮುಂದೆ ಕೈಬರಹದ ಚೀಟಿಗಳು ಕಾಣಿಸಿಕೊಂಡವು: ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’. ವಾಣಿಜ್ಯ ತೆರಿಗೆ ಇಲಾಖೆ ನಾಲ್ಕು ವರ್ಷಗಳ ಯುಪಿಐ ಜಮೆಯನ್ನು ಕೂಡಿಸಿ, ಬಂದ ಮೊತ್ತವನ್ನೇ ವ್ಯಾಪಾರವೆಂದು ಹಿಡಿದು, ಸಾವಿರಾರು ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷದ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಯಂತ್ರಕ್ಕೆ ಕೂಡುವ ಲೆಕ್ಕ ಗೊತ್ತು. ಆ ದುಡ್ಡಿನಲ್ಲಿ ಬದನೆಕಾಯಿಯದೆಷ್ಟು, ಭಾವಮೈದ ಹಿಂದಿರುಗಿಸಿದ ಕೈಸಾಲವೆಷ್ಟು ಎಂಬುದು ಗೊತ್ತಿಲ್ಲ.

ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದರು. ಚೀಟಿಗಳು ಇಳಿದವು, ಸ್ಕ್ಯಾನರ್ ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಬಂತು. ತೆರಿಗೆ ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ. ನಾನು ಗಮನಿಸಿದ್ದು ಬೇರೆ: ಆ ಎರಡು ವಾರ ಅವರಿಗೆ ‘ಒಲ್ಲೆ’ ಎನ್ನಲು ಒಂದು ಹಿಂಬಾಗಿಲು ಇತ್ತು. ಅದರ ಹೆಸರು ನಗದು. ಆ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿದೆ.

ಹತ್ತು ರೂಪಾಯಿ ಚಹಾಕ್ಕೆ ಸ್ಕ್ಯಾನ್ ಮಾಡಿದಾಗ ಏನಾಗುತ್ತದೆ? ಸೂಚನೆ ಫೋನಿನ ಆ್ಯಪ್‌ನಿಂದ ಆ ಆ್ಯಪ್‌ನ ಬ್ಯಾಂಕಿಗೆ, ಅಲ್ಲಿಂದ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಸ್ವಿಚ್ಚಿಗೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ, ತಿರುಗಿ ಸ್ವಿಚ್ಚಿಗೆ, ಕೊನೆಗೆ ಚಹಾದವನ ಬ್ಯಾಂಕಿಗೆ ಹೋಗುತ್ತದೆ. ಪ್ರತಿ ನಿಲ್ದಾಣದಲ್ಲೂ ಒಂದು ಕಡತ, ಒಂದು ನಲ್ಲಿ. 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ತಿಂಗಳ ವಹಿವಾಟುಗಳ ಸಂಖ್ಯೆ 2025ರ ಆಗಸ್ಟ್‌ನಲ್ಲಿ 2,000 ಕೋಟಿ ದಾಟಿತು. ಅದ್ಭುತವೇ ಸರಿ, ನಾನೂ ದಿನಕ್ಕೆ ನಾಲ್ಕು ಸಲ ಸ್ಕ್ಯಾನ್ ಮಾಡುವವನೇ. ಆದರೆ ಇಷ್ಟೂ ಹೊರೆ ನಿಂತಿರುವುದು ಒಂದೇ ಸ್ವಿಚ್ಚಿನ ಮೇಲೆ, ಅದರ ಸುಮಾರು ಶೇ 80ರಷ್ಟು ಪಾಲು ಹರಿಯುವುದು ಎರಡೇ ಆ್ಯಪ್‌ಗಳ ಮೂಲಕ. ಯಾವ ಆ್ಯಪ್ಪೂ ಶೇ 30 ಮೀರಬಾರದೆಂದು 2020ರಲ್ಲೇ ನಿಯಮ ಬಂತು. ಗಡುವು ಮುಂದಕ್ಕೆ ಹೋಗಿ ಹೋಗಿ 2026ರ ಡಿಸೆಂಬರ್‌ಗೆ ಬಂದು ಕೂತಿದೆ. 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ಯುಪಿಐ ದೇಶದುದ್ದಗಲ ಕೈಕೊಟ್ಟಾಗ ಬಹುಪಾಲು ಜನರ ಜೇಬಿನಲ್ಲಿ ಇನ್ನೂ ಒಂದಿಷ್ಟು ನೋಟು ಇತ್ತು, ಅದಕ್ಕೇ ಅದು ಸುದ್ದಿಯಾಗಿ ಮುಗಿಯಿತು.

ಯಂತ್ರ ಕೆಡುವುದಕ್ಕಿಂತ ನನಗೆ ಹೆಚ್ಚು ದಿಗಿಲು, ಯಂತ್ರ ಹೇಳಿದಂತೆ ಕೇಳುವುದರ ಬಗ್ಗೆ. 2023ರಲ್ಲಿ ಕೇರಳದಲ್ಲಿ ಅನೇಕರ ಬ್ಯಾಂಕ್ ಖಾತೆಗಳು ಇದ್ದಕ್ಕಿದ್ದಂತೆ ಸ್ತಂಭಿಸಿದವು. ಬೇರೆಲ್ಲೋ ನಡೆದ ಸೈಬರ್ ವಂಚನೆಯ ದುಡ್ಡಿನ ಒಂದು ಎಳೆ, ಕೈಯಿಂದ ಕೈಗೆ ದಾಟಿ, ಅವರ ಖಾತೆಯನ್ನು ಮುಟ್ಟಿತ್ತು, ಅಷ್ಟೆ. ಹೊರರಾಜ್ಯದ ಪೊಲೀಸರಿಂದ ಬ್ಯಾಂಕಿಗೆ ಒಂದು ಪತ್ರ ಬಂದರೆ ಇಡೀ ಖಾತೆಗೆ ಬೀಗ. ಅನುಮಾನದ ಮೊತ್ತಕ್ಕಷ್ಟೇ ತಡೆ ಹಾಕಿ, ಉಳಿದದ್ದನ್ನು ಬಿಡಿ ಎಂದು ಕೇರಳ ಹೈಕೋರ್ಟ್ ಹೇಳಬೇಕಾಯಿತು. ಕೆನಡಾದಲ್ಲಿ 2022ರ ಫೆಬ್ರುವರಿಯಲ್ಲಿ ಲಾರಿ ಚಾಲಕರ ಪ್ರತಿಭಟನೆ ಹತ್ತಿಕ್ಕಲು ಸರ್ಕಾರ ತುರ್ತು ಕಾಯ್ದೆ ಬಳಸಿತು. ನ್ಯಾಯಾಲಯದ ಆದೇಶವಿಲ್ಲದೆಯೇ ಖಾತೆಗಳನ್ನು ತಡೆಹಿಡಿಯಲಾಯಿತು. ಅದು ಅಸಮಂಜಸವೆಂದು ಅಲ್ಲಿನ ಫೆಡರಲ್ ಕೋರ್ಟ್ ಹೇಳಿದ್ದು 2024ರ ಜನವರಿಯಲ್ಲಿ. ತೀರ್ಪಿಗೆ ಎರಡು ವರ್ಷ, ಬೀಗಕ್ಕೆ ಒಂದು ಗಳಿಗೆ.

ಮುಂದಿನ ಮೆಟ್ಟಿಲು ಇ-ರೂಪಾಯಿ. ಜನಸಾಮಾನ್ಯರಿಗಾಗಿ ಅದರ ಪ್ರಯೋಗ 2022ರ ಡಿಸೆಂಬರ್ 1ರಂದು ಶುರುವಾದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. 2024ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಹೊಸ ಗುಣವೊಂದನ್ನು ಸೇರಿಸುವುದಾಗಿ ಹೇಳಿತು: ಹಣ ಯಾವುದಕ್ಕೆ ಖರ್ಚಾಗಬೇಕು, ಎಷ್ಟು ದಿನ ಚಲಾವಣೆಯಲ್ಲಿರಬೇಕು, ಯಾವ ಪ್ರದೇಶದೊಳಗೆ ನಡೆಯಬೇಕು ಎಂಬುದನ್ನು ಹಣದೊಳಗೇ ಬರೆದಿಡಬಹುದು. ಉದ್ದೇಶ ಒಳ್ಳೆಯದೇ, ಸಬ್ಸಿಡಿ ಸೋರಬಾರದು. ಆದರೆ ನಮ್ಮ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಹೀಗೆ ಬಂದಿದ್ದರೆ? ಬೆಳಗಾವಿ ಜಿಲ್ಲೆಯಲ್ಲಿ ಒಬ್ಬ ಅಜ್ಜಿ ಆ ದುಡ್ಡು ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು, ಇನ್ನೊಬ್ಬರು ಗ್ರಂಥಾಲಯ ಕಟ್ಟಿಸಿದರು. ಯಾವ ಅಧಿಕಾರಿಯ ಪಟ್ಟಿಯಲ್ಲಿ ಹೋಳಿಗೆ ಇರುತ್ತಿತ್ತು?

ಇದನ್ನೇ ಅರ್ಥಶಾಸ್ತ್ರಜ್ಞ ಹಯೆಕ್ 1944ರಲ್ಲಿ ವಾದಿಸಿದ್ದ. ವ್ಯಕ್ತಿಯ ಆಯ್ಕೆಯನ್ನೇ ನಡುಗಂಬವಾಗಿಟ್ಟುಕೊಂಡ ಲಿಬರ್ಟೇರಿಯನ್ನರಿಗೆ ಅವನು ಗುರುಸ್ಥಾನದಲ್ಲಿರುವವನು. ಹಣ ಮನುಷ್ಯನ ಸ್ವಾತಂತ್ರ್ಯದ ದೊಡ್ಡ ಸಾಧನ. ಹಣದ ಬದಲು ಗೊತ್ತುಪಡಿಸಿದ ಸವಲತ್ತು ಕೊಟ್ಟರೆ ಆಯ್ಕೆ ಪಡೆಯುವವನ ಕೈ ಬಿಟ್ಟು ಕೊಡುವವನ ಕೈ ಸೇರುತ್ತದೆ ಎಂಬುದು ಅವನ ತರ್ಕ. ಲಂಡನ್ನಿನಲ್ಲಿ ಅವನ ಪಾಠ ಕೇಳಿದವರಲ್ಲಿ ನಮ್ಮ ಕರಾವಳಿ ಮೂಲದ ಬಿ.ಆರ್. ಶೆಣೈ ಒಬ್ಬರು. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಕೊರತೆ ಬಜೆಟ್ಟಿನಿಂದ ಬೆಲೆ ಏರುತ್ತದೆ, ಹತೋಟಿಗಳು ಪ್ರಜಾತಂತ್ರಕ್ಕೇ ಕುತ್ತು ಎಂದರು. ಆಗ ಯಾರೂ ಕಿವಿಗೊಡಲಿಲ್ಲ. ಎರಡು ವರ್ಷದಲ್ಲಿ ವಿದೇಶಿ ವಿನಿಮಯ ಬರಿದಾಗತೊಡಗಿತು. ಈ ಪಂಥದ ಎಲ್ಲ ಮಾತಿಗೂ ನಾನು ತಲೆಯಾಡಿಸುವವನಲ್ಲ. ನಾಣ್ಯವನ್ನೂ ಖಾಸಗಿಯವರೇ ಹೊರಡಿಸಲಿ ಎಂದು ಹಯೆಕ್ 1976ರಲ್ಲಿ ಬರೆದಾಗ ಅತಿಯಾಯಿತು ಎನಿಸುತ್ತದೆ. ಆದರೂ ಹಣದ ಮೇಲಿನ ಅಧಿಕಾರ ಒಂದೇ ಕಡೆ ರಾಶಿ ಬೀಳಬಾರದು ಎಂಬಲ್ಲಿ ಅವನದೇ ಮೇಲುಗೈ.

ಎದುರು ವಾದ ದುರ್ಬಲವೇನಲ್ಲ. ನಗದು ಕಳ್ಳದಂಧೆಯ ಎಣ್ಣೆ, ದೊಡ್ಡ ನೋಟುಗಳನ್ನು ತೆಗೆದುಹಾಕಿ ಎಂದು ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಕೆನೆತ್ ರೋಗಾಫ್ 2016ರಲ್ಲಿ ಪುಸ್ತಕವನ್ನೇ ಬರೆದರು. ಅದೇ ವರ್ಷ ನವೆಂಬರ್ 8ರಂದು ನಾವು, ರೋಗಾಫ್ ಹೇಳಿದ ನಿಧಾನವನ್ನು ಪಕ್ಕಕ್ಕಿಟ್ಟು, ಚಲಾವಣೆಯ ಶೇ 86ರಷ್ಟು ಮೌಲ್ಯದ ನೋಟುಗಳನ್ನು ರಾತ್ರೋರಾತ್ರಿ ರದ್ದು ಮಾಡಿದೆವು. ಶೇ 99.3ರಷ್ಟು ಬ್ಯಾಂಕಿಗೆ ಮರಳಿ ಬಂತು. ಕಪ್ಪುಹಣ ನೋಟಿನ ಕಂತೆಯಲ್ಲಿ ಕೂತಿರಲಿಲ್ಲ.

ಹೊರಬಂದದ್ದು ಸಾಸಿವೆ ಡಬ್ಬಿಯ ದುಡ್ಡು. ಅಕ್ಕಿ ಡ್ರಮ್ಮಿನ ತಳದಲ್ಲಿ, ಸೀರೆಯ ಮಡಿಕೆಯಲ್ಲಿ, ದೇವರ ಪಟದ ಹಿಂದೆ ಗಂಡನಿಗೆ ಕಾಣದಂತೆ ಹೆಂಗಸರು ಇಟ್ಟುಕೊಂಡಿದ್ದ ಐನೂರರ ನೋಟುಗಳು ಒಂದು ವಾರದಲ್ಲಿ ಮನೆಮಂದಿಯ ಕಣ್ಣಿಗೆ ಬಿದ್ದವು. ಕುಡಿಯುವ ಗಂಡನಿರುವ ಮನೆಯಲ್ಲಿ ಆ ಗುಟ್ಟೇ ಮಗಳ ಫೀಸು, ತವರಿಗೆ ಹೋಗುವ ಬಸ್ ಚಾರ್ಜು. ಬ್ಯಾಂಕಿನ ಸಂದೇಶ ಬರುವ ಫೋನು ಎಷ್ಟು ಮನೆಗಳಲ್ಲಿ ಗಂಡನ ಜೇಬಿನಲ್ಲಿದೆ ಎಂದು ಯೋಚಿಸಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆ ಹಕ್ಕಿನ ಅತಿ ಅಗ್ಗದ ಉಪಕರಣ ಈ ಡಬ್ಬಿಯೇ.

ನೋಟು ಎಲ್ಲಿ ಮಾಯವಾಗುತ್ತಿದೆ, 36 ಲಕ್ಷ ಕೋಟಿ ಮೀರಿ ಚಲಾವಣೆಯಲ್ಲಿದೆಯಲ್ಲ ಎಂದು ಕೇಳಬಹುದು. ನಿಜ. ಆದರೆ 2024ರ ಮಾರ್ಚ್‌ನಲ್ಲಿ ಅದರ ಮೌಲ್ಯದ ಶೇ 86.5 ಐನೂರರ ನೋಟುಗಳೇ ಆಗಿದ್ದವು. ತಿಜೋರಿಯಲ್ಲಿ ಕೂರುವ ನೋಟು ಹೆಚ್ಚುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ ಓಡಾಡುವ ಹತ್ತು-ಇಪ್ಪತ್ತು ಸಿಗುವುದಿಲ್ಲ. ನಗದನ್ನು ಯಾರೂ ನಿಷೇಧಿಸಬೇಕಾಗಿಲ್ಲ. ‘ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿ ಸಾರ್’ ಎಂಬ ಮಾತು ಸಾಕು.

ಈ ದಾರಿಯಲ್ಲಿ ಬಹಳ ಮುಂದೆ ಹೋದ ಸ್ವೀಡನ್, ಯುರೋಪಿನ ಮೊದಲ ಬ್ಯಾಂಕ್ ನೋಟು ಅಚ್ಚಾದ ದೇಶ, ಈಗ ಹಿಂದೆ ತಿರುಗಿ ನೋಡುತ್ತಿದೆ. ಯುದ್ಧವೋ ವಿಪತ್ತೋ ಬಂದರೆ ಇರಲಿ, ಮನೆಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಿ ಎಂದು 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಮನೆಮನೆಗೆ ಕಿರುಪುಸ್ತಕ ಹಂಚಿತು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ನ ಬಹುಭಾಗದಲ್ಲಿ ವಿದ್ಯುತ್ ಹೋದಾಗ ಕಾರ್ಡ್ ಯಂತ್ರಗಳು ಸತ್ತವು, ಬ್ರೆಡ್ಡು ಸಿಕ್ಕಿದ್ದು ನೋಟು ಇದ್ದವರಿಗೆ. ಆದರೆ ಅದೇ ವರ್ಷದ ನವೆಂಬರ್ 15ರಿಂದ ನಮ್ಮ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಹೊಸ ದರ ಜಾರಿಗೆ ಬಂತು. ಸರಿಯಾದ ಫಾಸ್ಟ್ಯಾಗ್ ಇಲ್ಲದವರು ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು, ನಗದಾಗಿ ಕೊಟ್ಟರೆ ಎರಡು ಪಟ್ಟು. ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರುವ ನೂರರ ನೋಟಿಗೆ ಆ ಗೂಡಿನ ಕಿಟಕಿಯಲ್ಲಿ ಐವತ್ತರ ಬೆಲೆಯಾಯಿತು.