ಬೂಟ್ ಹೊತ್ತಿನ ಮೆಮೊರಿ ಮತ್ತು ಅದರ ತಡವಾದ ದಾಖಲೆ

ಕಂಪ್ಯೂಟರಿನ ಯಂತ್ರಭಾಗಗಳಿಗೂ ಬಳಕೆದಾರರ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಿಭಾಯಿಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು; ಯಾರಿಗೆ ಎಷ್ಟು ಮೆಮೊರಿ, ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಈ ಹಂಚಿಕೆಯ ಲೆಕ್ಕ ಇಡುವುದಕ್ಕೂ ಮೆಮೊರಿಯೇ ಬೇಕಾಗುವುದರಿಂದ, ಹಂಚುವ ವ್ಯವಸ್ಥೆ ಇನ್ನೂ ಹುಟ್ಟದ ಗಳಿಗೆಯಲ್ಲಿ ಆ ವ್ಯವಸ್ಥೆಗೇ ಜಾಗ ಕೊಡುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಗೆಂಡೆಹಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆಂಡ್ರಾಯ್ಡ್ ಫೋನೊಂದು ಚಾಲೂ ಆದಾಗಲೆಲ್ಲ ಅದರೊಳಗಿನ ಲಿನಕ್ಸ್ ಕರ್ನಲ್ ಈ ಪ್ರಶ್ನೆಯನ್ನು ಬಗೆಹರಿಸಿಕೊಂಡೇ ಮುಂದೆ ಹೋಗುತ್ತದೆ.

ಸಮಸ್ಯೆಯ ಗಾತ್ರ ಚಿಕ್ಕದಲ್ಲ. ಲಿನಕ್ಸ್ ಸಾಮಾನ್ಯವಾಗಿ ಮೆಮೊರಿಯನ್ನು ತಲಾ 4 ಕೆಬಿಯ ಪುಟಗಳಾಗಿ ಭಾಗಿಸಿ, 64 ಬಿಟ್ ಯಂತ್ರಗಳಲ್ಲಿ ಪ್ರತಿ ಪುಟಕ್ಕೂ ಸುಮಾರು 64 ಬೈಟ್‌ಗಳ ವಿವರಪಟ್ಟಿಯೊಂದನ್ನು ಇಡುತ್ತದೆ. 8 ಜಿಬಿ ಮೆಮೊರಿಯಲ್ಲಿ ಇಂಥ 20,97,152 ಪುಟಗಳಿರುವುದರಿಂದ ವಿವರಪಟ್ಟಿಗಳಿಗೇ 128 ಎಂಬಿ ಬೇಕು. ಅಷ್ಟು ಜಾಗವನ್ನು ಗೊತ್ತುಮಾಡಿ ತುಂಬಿಸಿದ ಮೇಲೆಯೇ 'ಬಡ್ಡಿ' ಎಂಬ ಮುಖ್ಯ ಹಂಚಿಕೆದಾರ ಕೆಲಸ ಆರಂಭಿಸಲು ಸಾಧ್ಯ. ಅಲ್ಲಿಯವರೆಗಿನ ಮಧ್ಯಂತರಕ್ಕೆಂದು ಲಿನಕ್ಸ್ ಬೇರೊಂದು ಸರಳ ಹಂಚಿಕೆದಾರನನ್ನು ಇಟ್ಟುಕೊಂಡಿದೆ.

1999ರಲ್ಲಿ ಇಂಗೋ ಮೊಲ್ನಾರ್ ಬರೆದ 'ಬೂಟ್‌ಮೆಮ್' ಅಂಥ ಹಂಚಿಕೆದಾರ. ಪುಟಕ್ಕೊಂದು ಬಿಟ್‌ನಂತೆ ಇಟ್ಟು, ಬಳಕೆಯಲ್ಲಿದ್ದರೆ 1, ಬಿಡುವಾಗಿದ್ದರೆ 0 ಎಂದು ಗುರುತು ಹಾಕುವುದು ಅದರ ವಿಧಾನವಾಗಿದ್ದು, 32 ಎಂಬಿ ಮೆಮೊರಿಗೆ ಬರೀ 1 ಕೆಬಿಯ ನಕ್ಷೆ ಸಾಕಾಗುತ್ತಿತ್ತು. ಆದರೆ ಮೆಮೊರಿ ಎಲ್ಲ ಯಂತ್ರಗಳಲ್ಲೂ ಒಂದೇ ಸಾಲಿನಲ್ಲಿ ಇರುವುದಿಲ್ಲ.

ಇದಕ್ಕೆ ಕರ್ನಾಟಕದ್ದೇ ಆದ ಉದಾಹರಣೆ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿ 2001ರಲ್ಲಿ ಪ್ರದರ್ಶಿಸಿದ ಈ ಅಂಗೈ ಕಂಪ್ಯೂಟರ್, ಅಕ್ಷರ ಬಾರದವರಿಗೂ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಉದ್ದೇಶದ್ದಾಗಿದ್ದು, ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಚಿಪ್ಪಿನ ಮೇಲೆ ಲಿನಕ್ಸ್ ಓಡಿಸುತ್ತಿತ್ತು. ಆ ಚಿಪ್ಪಿನಲ್ಲಿ ಮೆಮೊರಿಗೆ ನಾಲ್ಕು ಬ್ಯಾಂಕ್‌ಗಳಿದ್ದು, ಪ್ರತಿಯೊಂದಕ್ಕೂ 128 ಎಂಬಿಯಷ್ಟು ವಿಳಾಸ ಮೀಸಲಾಗಿತ್ತು. ಎರಡು ಬ್ಯಾಂಕ್‌ಗಳಲ್ಲಿ ಒಂದೊಂದು ಚಿಕ್ಕ ಮೆಮೊರಿ ಚಿಪ್ಪು ಕೂರಿಸಿದರೆ ಅವುಗಳ ನಡುವೆ ವಿಳಾಸ ಮಾತ್ರ ಇದ್ದು ಮೆಮೊರಿಯೇ ಇಲ್ಲದ ದೊಡ್ಡ ತೆರಪು ಉಳಿಯುತ್ತಿತ್ತು. ಇಲ್ಲದ ಪುಟಗಳಿಗೂ ಬಿಟ್ ಮತ್ತು ವಿವರಪಟ್ಟಿ ಇಡುವುದು ಬಡ ಉಪಕರಣಕ್ಕೆ ದುಂದುವೆಚ್ಚವಾದುದರಿಂದ, ಈ ಚಿಪ್ಪಿನ ಕರ್ನಲ್ ಪ್ರತಿ ಬ್ಯಾಂಕನ್ನೂ ಪ್ರತ್ಯೇಕ ಘಟಕವೆಂದು ಎಣಿಸುವ ಏರ್ಪಾಡನ್ನು ಇಟ್ಟುಕೊಂಡಿತ್ತು. ಎಲ್ಲಿಂದ ಎಷ್ಟು ಮೆಮೊರಿ ಇದೆ ಎಂಬುದನ್ನು ಬೂಟ್‌ಲೋಡರ್, ಅಂದರೆ ಕರ್ನಲನ್ನು ಎತ್ತಿ ಮೆಮೊರಿಗೆ ಇಡುವ ಪುಟ್ಟ ತಂತ್ರಾಂಶ, ಒಂದು ಸಣ್ಣ ಪಟ್ಟಿಯಲ್ಲಿ ಬರೆದು ಕೊಡುತ್ತಿತ್ತು. ಇಂದಿನ ಆರ್ಮ್ ಫೋನುಗಳಲ್ಲಿ ಅದೇ ಕೆಲಸವನ್ನು 'ಡಿವೈಸ್ ಟ್ರೀ' ಮಾಡುತ್ತದೆ.

ಸಿಂಪ್ಯೂಟರ್ ಪ್ರದರ್ಶನಗೊಂಡ 2001ರಲ್ಲೇ ಐಬಿಎಂನ ಪೀಟರ್ ಬರ್ಗ್ನರ್ ಪವರ್‌ಪಿಸಿ ಯಂತ್ರಗಳಿಗಾಗಿ ಬೇರೊಂದು ಹಾದಿ ಹಿಡಿದಿದ್ದರು. 2010ರಲ್ಲಿ 'ಮೆಮ್‌ಬ್ಲಾಕ್' ಎಂದು ಮರುನಾಮಕರಣಗೊಂಡ ಆ ಕೋಡ್ ಪುಟಗಳನ್ನು ಎಣಿಸುವುದಿಲ್ಲ. ಇರುವ ಮೆಮೊರಿಯ ತುಂಡುಗಳದ್ದೊಂದು ಪಟ್ಟಿ, ಮುಟ್ಟಬಾರದ ತುಂಡುಗಳದ್ದೊಂದು ಪಟ್ಟಿ, ಇಷ್ಟನ್ನೇ ಇಡುತ್ತದೆ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಬರೆದು, ಫೂಟ್ ಖರಾಬನ್ನು ಬೇರೆ ಕಾಲಮಿನಲ್ಲಿ ತೋರಿಸಿ, ಕಳೆದು ಉಳಿದದ್ದನ್ನು ಸಾಗುವಳಿಗೆ ಲೆಕ್ಕ ಹಿಡಿಯುವ ಕ್ರಮವೇ ಇಲ್ಲಿಯೂ ಇದೆ, ಒಂದು ವ್ಯತ್ಯಾಸದೊಡನೆ: ಹಂಚಿಕೊಟ್ಟ ಜಾಗವೂ ಮುಟ್ಟಬಾರದ ಪಟ್ಟಿಗೇ ಸೇರುತ್ತದೆ. ಎರಡೂ ಪಟ್ಟಿಗಳಿಗೆ ಕರ್ನಲಿನ ಒಳಗೇ ತಲಾ 128 ನಮೂದುಗಳ ಜಾಗ ಮೊದಲೇ ಸಿದ್ಧವಾಗಿರುವುದರಿಂದ ಅವನ್ನು ಇಡಲು ಬೇರೆಯವರಲ್ಲಿ ಜಾಗ ಕೇಳಬೇಕಾಗಿಲ್ಲ. ಸಾಲದಿದ್ದರೆ ಪಟ್ಟಿ ತನ್ನನ್ನು ತಾನೇ ದುಪ್ಪಟ್ಟು ಮಾಡಿಕೊಳ್ಳುತ್ತದೆ. ಮುಖ್ಯ ಹಂಚಿಕೆದಾರ ಸಿದ್ಧವಾದೊಡನೆ ಮೆಮ್‌ಬ್ಲಾಕ್ ಉಳಿದ ಜಾಗವನ್ನೆಲ್ಲ ಅದಕ್ಕೆ ಒಪ್ಪಿಸುತ್ತದೆ, ಎಷ್ಟೋ ಯಂತ್ರಗಳಲ್ಲಿ ತನ್ನ ಕೋಡ್ ಇದ್ದ ಜಾಗವನ್ನೂ ಬಿಟ್ಟುಕೊಡುತ್ತದೆ.

ಇಷ್ಟು ಸರಳವಾದದ್ದನ್ನು ಬರೆದಿಡುವುದೇನು ಎಂದು ಕೇಳಬಹುದು. ಆದರೆ ಈ ಹಂತದ ನಿಯಮಗಳೆಲ್ಲ ಕ್ರಮದ ನಿಯಮಗಳು: ಕರ್ನಲ್ ಕುಳಿತ ಜಾಗ, ಬೂಟ್‌ಲೋಡರ್ ಇಟ್ಟುಹೋದ ಆರಂಭಿಕ ಕಡತಗಳ ಜಾಗ, ಯಂತ್ರದ ಫರ್ಮ್‌ವೇರ್ ತನಗೆಂದು ಇಟ್ಟುಕೊಂಡ ಜಾಗ, ಇವೆಲ್ಲ ಮುಟ್ಟಬಾರದ ಪಟ್ಟಿಗೆ ಸೇರಿದ ಮೇಲೆಯೇ ಮೊದಲ ಹಂಚಿಕೆ ನಡೆಯಬೇಕು. ಒಂದನ್ನು ಮರೆತರೆ ಕರ್ನಲ್ ಆ ಜಾಗವನ್ನು ಬಿಡುವೆಂದೇ ತಿಳಿದು ಯಾರಿಗೋ ಕೊಟ್ಟು, ಅಲ್ಲಿದ್ದುದರ ಮೇಲೆ ಬರೆಸಿಬಿಡುತ್ತದೆ. ಪೆಟ್ಟು ಬೀಳುವುದು ಎಷ್ಟೋ ಹೊತ್ತಿನ ಬಳಿಕ, ಬೇರೆಲ್ಲೋ. ಪರದೆಯ ಮೇಲೆ ದೋಷದ ಸಂದೇಶ ತೋರಿಸುವ ಭಾಗವೇ ಆಗಿನ್ನೂ ಎಚ್ಚರಗೊಂಡಿರದ ಕಾರಣ, ಹೊಸ ಚಿಪ್ಪಿಗೆ ಲಿನಕ್ಸ್ ಹೊಂದಿಸುವ ಎಂಜಿನಿಯರಿಗೆ ಕಾಣುವುದು ಹೆಚ್ಚಾಗಿ ಕಪ್ಪು ಪರದೆಯಷ್ಟೆ. ಸಿಂಪ್ಯೂಟರ್ ತಂಡ ತನ್ನ ಯಂತ್ರದ ವಿನ್ಯಾಸವನ್ನು ಮುಕ್ತ ಪರವಾನಗಿಯಡಿ ಹೊರತಂದದ್ದು ಆ ಕಾಲಕ್ಕೆ ದೊಡ್ಡ ಮಾತು, ಲಿನಕ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದೇ ಇತ್ತು. ಆದರೂ ಕೋಡ್ ಓದಿದರೆ ಏನು ನಡೆಯುತ್ತದೆ ಎಂಬುದು ತಿಳಿಯುತ್ತದೆಯೇ ಹೊರತು ಏನು ನಡೆಯಬೇಕಾಗಿತ್ತು ಎಂಬುದು ತಿಳಿಯುವುದಿಲ್ಲ.

ಬರಹ ಪೂರ್ತಿ ಇರಲಿಲ್ಲವೆಂದಲ್ಲ. ಐರ್ಲೆಂಡಿನ ಮೆಲ್ ಗೋರ್ಮನ್ 2004ರಲ್ಲಿ ಪ್ರಕಟಿಸಿದ ಲಿನಕ್ಸ್ ಮೆಮೊರಿ ನಿರ್ವಹಣೆಯ ಪುಸ್ತಕದಲ್ಲಿ ಬೂಟ್‌ಮೆಮ್‌ಗೆ ಒಂದು ಇಡೀ ಅಧ್ಯಾಯವಿದೆ. ಆದರೆ ಪುಸ್ತಕ ಒಂದು ಕಾಲದ ಕೋಡನ್ನು ಹಿಡಿದಿಡುತ್ತದೆ, ಕೋಡ್ ಮುಂದೆ ಹೋಗುತ್ತಲೇ ಇರುತ್ತದೆ; ಮುಂದಿನ ವರ್ಷಗಳಲ್ಲಿ ಕೆಲವು ಯಂತ್ರಗಳಲ್ಲಿ ಬೂಟ್‌ಮೆಮ್, ಕೆಲವುಗಳಲ್ಲಿ ಮೆಮ್‌ಬ್ಲಾಕ್, ಇನ್ನು ಕೆಲವುಗಳಲ್ಲಿ ಹೊರಗೆ ಬೂಟ್‌ಮೆಮ್‌ನ ಹೆಸರಿದ್ದು ಒಳಗೆ ಮೆಮ್‌ಬ್ಲಾಕ್ ಇರುವ ಬೆರಕೆ ವ್ಯವಸ್ಥೆ ನಡೆದುಬಂದವು.

ಈ ಗೊಂದಲಕ್ಕೆ ಕೊನೆ ಬಂದದ್ದು 2018ರಲ್ಲಿ, ಐಬಿಎಂನಲ್ಲಿದ್ದ ಮೈಕ್ ರಾಪೊಪೋರ್ಟ್ ಕೈಯಲ್ಲಿ; ಅವರು ಅನುಸರಿಸಿದ ಕ್ರಮವೇ ಇಲ್ಲಿ ಗಮನಿಸತಕ್ಕದ್ದು. ಮೊದಲು ಎರಡೂ ಹಂಚಿಕೆದಾರರ ಕಾರ್ಯವಿಧಾನವನ್ನು, ಪ್ರತಿಯೊಂದು ಸೌಲಭ್ಯ ಏನು ಪಡೆದು ಏನು ಹಿಂದಿರುಗಿಸುತ್ತದೆ ಎಂಬುದನ್ನು ಕೋಡಿನ ಟಿಪ್ಪಣಿಗಳಲ್ಲೇ ಸರಿಪಡಿಸಿ, ಆ ಟಿಪ್ಪಣಿಗಳಿಂದಲೇ ಕರ್ನಲಿನ ಅಧಿಕೃತ ದಾಖಲೆಯ ಒಂದು ಅಧ್ಯಾಯ ತಯಾರಾಗುವಂತೆ ಮಾಡಿದರು; ಅದು ಅಕ್ಟೋಬರ್‌ನಲ್ಲಿ ಬಂದ 4.19ನೇ ಆವೃತ್ತಿಯಲ್ಲಿ ಸೇರಿತು. ಡಿಸೆಂಬರ್‌ನ 4.20ನೇ ಆವೃತ್ತಿಯಲ್ಲಿ ಬೂಟ್‌ಮೆಮ್ಮನ್ನೇ ಕಿತ್ತುಹಾಕಲಾಯಿತು. ಈಗಷ್ಟೇ ದಾಖಲಿಸಿದ್ದನ್ನು ಮರುಆವೃತ್ತಿಯಲ್ಲೇ ಅಳಿಸಿದ್ದು ವ್ಯರ್ಥ ಶ್ರಮದಂತೆ ತೋರಬಹುದಾದರೂ, ಎರಡರ ಹೋಲಿಕೆ ಮತ್ತು ವ್ಯತ್ಯಾಸಗಳು ಕಾಗದಕ್ಕೆ ಇಳಿದಾಗಲೇ ಯಾವುದು ಅನಗತ್ಯವೆಂಬುದು ಸ್ಪಷ್ಟವಾಗುವುದು, ಹಾಗಾಗಿ ಅಲ್ಲಿ ಬರವಣಿಗೆಯೂ ದುರಸ್ತಿಯ ಭಾಗವೇ ಆಗಿತ್ತೆನ್ನಬೇಕು.

ಟಿಪ್ಪಣಿ ಕೋಡಿನ ಪಕ್ಕದಲ್ಲೇ ಇರುವುದರಿಂದ ಕೋಡ್ ಬದಲಿಸುವವರ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ, ತಿದ್ದದೆ ಬಿಟ್ಟರೆ ಪರಿಶೀಲಕರಾದರೂ ಕೇಳುತ್ತಾರೆ. 2022ರಲ್ಲಿ ಇನ್ನೊಂದು ಅನುಕೂಲ ಸೇರಿತು: ಯಂತ್ರ ಬೂಟ್ ಆಗುವಾಗ ಮಾತ್ರ ಓಡುತ್ತಿದ್ದ ಮೆಮ್‌ಬ್ಲಾಕ್ ಕೋಡನ್ನು ಸಾಮಾನ್ಯ ತಂತ್ರಾಂಶದಂತೆ ಓಡಿಸಿ ಪರೀಕ್ಷಿಸುವ ಉಪಕರಣವೊಂದು ಕರ್ನಲಿನ ಜೊತೆಗೇ ಬರತೊಡಗಿ, ದಾಖಲೆ ಹೇಳುವ ಮಾತು ನಿಜವೋ ಅಲ್ಲವೋ ಎಂಬುದನ್ನು ವಿದ್ಯಾರ್ಥಿಗಳೂ ತಮ್ಮ ಲ್ಯಾಪ್‌ಟಾಪಿನಲ್ಲೇ ನೋಡಬಹುದಾಗಿದೆ.