ಮಿದುಳಿನ ಕಾಯಿಲೆ ಮತ್ತು ಮಾತು: ಮನೆಮಂದಿ ತಿಳಿಯಬೇಕಾದದ್ದು

ಲಕ್ವ ಹೊಡೆದವರ ಕೈಕಾಲು ಹೇಗಿದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಮಾತಿನ ವಿಷಯಕ್ಕೆ ಬಂದರೆ ಆಳಿಗೊಂದು ಸಲಹೆ, ಊರಿಗೊಂದು ನಂಬಿಕೆ. ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಭಾಷೆಯ ತೊಂದರೆ ಕಾಣಿಸಿಕೊಳ್ಳುತ್ತದೆ. ತಪ್ಪು ನಂಬಿಕೆಗಳಿಂದ ಅವರ ಚಿಕಿತ್ಸೆ ತಡವಾಗುತ್ತದೆ, ತಮ್ಮ ಮನೆಯಲ್ಲೇ ಅವರು ಒಂಟಿಯಾಗುತ್ತಾರೆ.

ತಪ್ಪು ಕಲ್ಪನೆ 1: ಮಾತು ತೊದಲಿತೇ? ಸುಸ್ತಿರಬೇಕು, ಮಲಗಿ ಎದ್ದರೆ ಸರಿಹೋಗುತ್ತದೆ.
ವಾಸ್ತವ: ಇದ್ದಕ್ಕಿದ್ದಂತೆ ಮಾತು ತೊದಲುವುದು, ಪದ ಸಿಗದೆ ತಡವರಿಸುವುದು ಪಾರ್ಶ್ವವಾಯುವಿನ ಮುಖ್ಯ ಲಕ್ಷಣ. ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಳಗಾಗಲಿ ಎಂದು ಕಾಯಬೇಡಿ.

ತಪ್ಪು ಕಲ್ಪನೆ 2: ನಾಲಿಗೆ ಬಿದ್ದುಹೋಗಿದೆ, ಬಜೆ ತಿಕ್ಕಿದರೆ ಮಾತು ಬರುತ್ತದೆ.
ವಾಸ್ತವ: ಪೆಟ್ಟಾಗಿರುವುದು ಮಿದುಳಿಗೆ. ಬಹುತೇಕರಲ್ಲಿ ಭಾಷೆಯ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಬಲಗೈ, ಬಲಗಾಲನ್ನು ಆಡಿಸುವುದೂ ಅದೇ ಭಾಗ. ಬಲಮೈಗೆ ಲಕ್ವ ಹೊಡೆದವರಲ್ಲಿ ಮಾತೂ ಕೆಡುವುದು ಹೆಚ್ಚಾಗಿ ಕಾಣುವುದು ಅದಕ್ಕೇ. ಬಜೆಯಿಂದ ಮಿದುಳಿನ ಗಾಯ ವಾಸಿಯಾಗದು. ನುಂಗಲು ಕಷ್ಟಪಡುವವರ ಬಾಯಿಗೆ ಏನನ್ನಾದರೂ ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಇದೆ.

ತಪ್ಪು ಕಲ್ಪನೆ 3: ಬಾಯಲ್ಲಿ ಬಾರದಿದ್ದರೆ ಸ್ಲೇಟು ಕೊಡಿ, ಬರೆದು ತೋರಿಸುತ್ತಾರೆ.
ವಾಸ್ತವ: ತೊಂದರೆ ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ಡಿಸಾರ್ಥ್ರಿಯಾ ಇದ್ದವರಲ್ಲಿ ತುಟಿ, ನಾಲಿಗೆ, ಗಂಟಲಿನ ಸ್ನಾಯುಗಳ ಹಿಡಿತ ತಪ್ಪಿರುತ್ತದೆ. ಮಾತು ಅಸ್ಪಷ್ಟವಾದರೂ ಭಾಷೆ ಗಟ್ಟಿಯಾಗಿರುತ್ತದೆ. ಕೈ ಆಡಿದರೆ ಇವರು ಬರೆದು ಹೇಳಬಲ್ಲರು. ಅಫೇಸಿಯಾದಲ್ಲಿ ಪೆಟ್ಟು ಭಾಷೆಗೇ ಬಿದ್ದಿರುವುದರಿಂದ ಓದು, ಬರಹವೂ ಸಾಮಾನ್ಯವಾಗಿ ಕೆಡುತ್ತದೆ. ಕೆಲವರ ಮಾತಿನಲ್ಲಿ ವಿಭಕ್ತಿ ಪ್ರತ್ಯಯ, ಕ್ರಿಯಾಪದ ಉದುರಿಹೋಗಿ, "ಅಂಗಡಿಯಿಂದ ಅಕ್ಕಿ ತಾ" ಎನ್ನಬೇಕಾದಲ್ಲಿ "ಅಂಗಡಿ... ಅಕ್ಕಿ..." ಅಷ್ಟೇ ಬರುತ್ತದೆ. ಇನ್ನು ಕೆಲವರು ಸರಾಗವಾಗಿ ಮಾತಾಡಿದರೂ ಪದಗಳು ಅದಲುಬದಲಾಗಿ, ಅರ್ಥ ಕೂಡುವುದಿಲ್ಲ. ಇವರಿಗೆ ಚಿತ್ರ, ಕೈಸನ್ನೆ, ಚಿಕ್ಕ ವಾಕ್ಯ ಹೆಚ್ಚು ನೆರವಾಗುತ್ತವೆ. ದನಿ ಏರಿಸಿ ಕೂಗಿ ಹೇಳುವುದರಿಂದ ಪ್ರಯೋಜನವಿಲ್ಲ.

ತಪ್ಪು ಕಲ್ಪನೆ 4: ಬೈಯಲು ಬರುತ್ತದೆ, ಭಜನೆ ಹೇಳಲು ಬರುತ್ತದೆ. ಬೇಕೆಂದೇ ಮಾತಾಡುತ್ತಿಲ್ಲ.
ವಾಸ್ತವ: ಒಂದು ಎರಡು ಎಣಿಸುವುದು, ವಾರದ ಹೆಸರುಗಳು, ಬಾಯಿಪಾಠವಾದ ದೇವರನಾಮ, ಬೈಗುಳ ಇವೆಲ್ಲ ರೂಢಿಯ ಬಲದಿಂದ ತಾವಾಗಿ ಹೊರಬರುತ್ತವೆ. "ನೀರು ಬೇಕು" ಎನ್ನಲು ಪದ ಹುಡುಕಿ, ಜೋಡಿಸಿ ಹೇಳಬೇಕು. ಪೆಟ್ಟು ಬಿದ್ದಿರುವುದು ಆ ಜೋಡಣೆಗೆ. ಉಳಿದಿರುವ ಹಾಡಿನ ಶಕ್ತಿಯನ್ನೇ ಹಿಡಿದು ಮಾತು ಕಲಿಸುವ ರಾಗಾಧಾರಿತ ಚಿಕಿತ್ಸೆ 1970ರ ದಶಕದಿಂದ ಬಳಕೆಯಲ್ಲಿದೆ.

ತಪ್ಪು ಕಲ್ಪನೆ 5: ಆರು ತಿಂಗಳಲ್ಲಿ ಬಾರದ ಮಾತು ಇನ್ನು ಬಾರದು.
ವಾಸ್ತವ: ಮೊದಲ ಕೆಲವು ತಿಂಗಳು ಚೇತರಿಕೆ ವೇಗವಾಗಿರುತ್ತದೆ, ನಿಜ. ಆದರೆ ವರ್ಷ ಕಳೆದ ಮೇಲೂ ಬಿಡದೆ ಮಾಡಿದ ಸ್ಪೀಚ್ ಥೆರಪಿಯಿಂದ ಸುಧಾರಿಸಿದವರಿದ್ದಾರೆ. ಮಾತನ್ನು ಕೆಡಿಸುವ ಮಿದುಳಿನ ಬೇರೆ ಕಾಯಿಲೆಗಳಲ್ಲೂ ತರಬೇತಿ ನೆರವಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ದನಿ ಕುಗ್ಗುತ್ತಾ ಹೋದರೂ ಎಷ್ಟೋ ರೋಗಿಗಳಿಗೆ ಅದರ ಅರಿವಾಗುವುದಿಲ್ಲ, ಕೇಳುವವರ ಕಿವಿಯೇ ಮಂದ ಎಂದುಕೊಳ್ಳುತ್ತಾರೆ. ದನಿ ಎತ್ತರಿಸುವ ವಿಶೇಷ ತರಬೇತಿ ಅವರಿಗಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆ, ಚಿಕಿತ್ಸೆ ಎರಡೂ ಲಭ್ಯ.

ತಪ್ಪು ಕಲ್ಪನೆ 6: ಬುದ್ಧಿಯೇ ಹೋಗಿದೆ, ಇವರನ್ನು ಕೇಳಿ ಏನು ಫಲ?
ವಾಸ್ತವ: ಅಫೇಸಿಯಾ ಬಂದವರು ತಮ್ಮವರನ್ನು ಗುರುತಿಸುತ್ತಾರೆ, ಅವಮಾನವಾದರೆ ನೊಂದುಕೊಳ್ಳುತ್ತಾರೆ, ತಮಗೆ ಬೇಕು ಬೇಡ ಏನೆಂದು ಬಲ್ಲರು. ಸ್ವೀಡನ್ನಿನ ಕವಿ ಟೊಮಾಸ್ ಟ್ರಾನ್ಸ್‌ಟ್ರೋಮರ್ ಅವರಿಗೆ 1990ರಲ್ಲಿ ಪಾರ್ಶ್ವವಾಯುವಾಗಿ ಬಲಗೈಯೂ ಮಾತೂ ಸೋತವು. ಆ ಬಳಿಕವೂ ಅವರು ಕವನ ಸಂಕಲನ ಹೊರತಂದರು, ಎಡಗೈಯೊಂದರಿಂದಲೇ ಪಿಯಾನೋ ನುಡಿಸಿದರು. 2011ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಅಫೇಸಿಯಾದಿಂದ ಬರುವ ಶಾಶ್ವತ ತೊಂದರೆಯನ್ನು ವಾಕ್ ಮತ್ತು ಭಾಷಾ ವೈಕಲ್ಯ ಎಂದು ಗುರುತಿಸಿದೆ.

ಆದ್ದರಿಂದ ಜಮೀನಿನ ಪತ್ರಕ್ಕೆ ಅವರ ಹೆಬ್ಬೆಟ್ಟು ಒತ್ತಿಸುವ ಮೊದಲು, ಮಗಳ ಮದುವೆ ಗೊತ್ತುಮಾಡುವ ಮೊದಲು ಎದುರು ಕೂತು ನಿಧಾನವಾಗಿ ವಿವರಿಸಿ. ಹೌದು, ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಿ. ಅವೆರಡೂ ಅದಲುಬದಲಾಗಬಹುದು, ಅದಕ್ಕೆ ಇನ್ನೊಂದು ರೀತಿಯಲ್ಲಿ ಮತ್ತೆ ಕೇಳಿ ಖಚಿತಪಡಿಸಿಕೊಳ್ಳಿ. ಅವರ ಪರವಾಗಿ ನೀವೇ ಉತ್ತರಿಸದೆ ಕಾಯಿರಿ. ಮನೆಯ ತೀರ್ಮಾನಗಳಲ್ಲಿ ಅವರ ಪಾಲು ಮೊದಲಿದ್ದಷ್ಟೇ ಇರಲಿ.